ನೀರಿನ ಕೂಲರ್ ಆದರೂ ಕೊನೆಗೆ ಗಾಳಿಯೇ

(ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಧ್ಯದಲ್ಲಿ ಕರೆಂಟ್ ಹೋಗಿ ಪ್ರೊಜೆಕ್ಟರ್ ಆರಿಹೋಯಿತು. ಹಾಗಾಗಿ ಅರ್ಧ ಮಾತು ಚಿತ್ರಗಳಿಲ್ಲದೆಯೇ ನಡೆಯಿತು. ಬರೆಯುವಾಗ ಎಳೆದಾಡಿದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ 41 ಡಿಗ್ರಿ ಅಂತ ಫೋನ್ ತೋರಿಸುತ್ತಿದೆ. ಕಂಪ್ಯೂಟರ್ ತಂಪು ಮಾಡುವುದು ಹೇಗೆ ಅಂತ ಹೇಳೋಕೆ ಬಂದವನನ್ನು ನೋಡಿ, ಮೊದಲು ಈ ಹಾಲ್ ತಂಪು ಮಾಡಪ್ಪಾ ಅಂತ ನಿಮಗೆ ಅನಿಸಿದರೆ ತಪ್ಪೇನಿಲ್ಲ. ಆದರೆ ಇದನ್ನು ಮಾತಾಡೋಕೆ ಇದಕ್ಕಿಂತ ಒಳ್ಳೆಯ ಊರು ಸಿಗಲ್ಲ. ಬೆಂಗಳೂರಿನಲ್ಲಿ ಹೇಗೋ ನಡೆದುಹೋಗುವ ತಪ್ಪುಗಳು ಇಲ್ಲಿ ನಡೆಯುವುದಿಲ್ಲ.

ನಾನು ಹಲವು ವರ್ಷಗಳಿಂದ ಪಿಸಿ ಜೋಡಿಸುತ್ತಿದ್ದೇನೆ. ಮೊದಲು ನನಗೆ, ಆಮೇಲೆ ಗೆಳೆಯರಿಗೆ, ಆಮೇಲೆ ಗೆಳೆಯರ ಗೆಳೆಯರಿಗೆ. ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳ ಮುಂದೆ ನಿಂತು ಕಳೆದ ಶನಿವಾರಗಳಿಗೆ ಲೆಕ್ಕವಿಲ್ಲ. ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಪ್ರೊಸೆಸರ್, ಅಂದರೆ ಪಿಸಿಯ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ತಂಪಾಗಿಡಲು ಏರ್ ಕೂಲರ್ ಹಾಕಲಾ, ಲಿಕ್ವಿಡ್ ಕೂಲರ್ ಹಾಕಲಾ? ಕೇಳುವವರು ಮನಸ್ಸಿನಲ್ಲಿ ಆಗಲೇ ಲಿಕ್ವಿಡ್ ಅಂತ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ನಾನು ಹೂಂ ಅನ್ನಬೇಕು, ಅಷ್ಟೇ.

ಮಾತು ಶುರು ಮಾಡುವ ಮೊದಲು ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. "ಸರ್, ನಮ್ಮ ಮನ್ಯಾಗ ಕೂಲರ್‌ಗೆ ನೀರ್ ಹಾಕಿದ್ರ ತಂಪ್ ಗಾಳಿ ಬರ್ತದ. ನೀರ್ ಇಲ್ಲಂದ್ರ ಬರೀ ಬಿಸಿ ಗಾಳಿ. ಹಂಗಾದ್ರ ಪಿಸಿಗೂ ನೀರಿಂದೇ ಛಲೋ ಅಲ್ಲೇನ್ರಿ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಬೆಂಗಳೂರಿನಲ್ಲಿ ಇದನ್ನು ಯಾರೂ ನನಗೆ ಕೇಳಿರಲಿಲ್ಲ. ಉತ್ತರ ಮಾತ್ರ ಉಲ್ಟಾ. ನಿಮ್ಮ ಮನೆಯ ಕೂಲರ್ ತಂಪು ಕೊಡುವುದು ನೀರು ಆವಿಯಾಗುವುದರಿಂದ. ಹುಲ್ಲಿನ ಪ್ಯಾಡ್ ಮೇಲೆ ನೀರು ಸುರಿಯುತ್ತದೆ, ಒಣಗಾಳಿ ಅದರ ಮೂಲಕ ಹಾಯುತ್ತದೆ, ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ, ಗಡಿಗೆ ಬೆವರುತ್ತದೆ. ಅದಕ್ಕೇ ಟ್ಯಾಂಕಿನ ನೀರು ಸಂಜೆಯ ಹೊತ್ತಿಗೆ ಖಾಲಿ. ಪಿಸಿಯ ಲಿಕ್ವಿಡ್ ಕೂಲರ್‌ನಲ್ಲಿ ನೀರು ಹೀಗೆ ಸಂಜೆಗೆ ಖಾಲಿ ಆಗುವ ಹಾಗಿಲ್ಲ, ಅದು ಸೀಲ್ ಆಗಿರುತ್ತದೆ. ಮನೆಯ ಕೂಲರ್ ಹಾಗೆ ಆವಿಯಾಗಿ ಹೊರಗೆ ಹೋಗುವ ದಾರಿಯೇ ಇಲ್ಲ. ಆದ್ದರಿಂದ ಆ ನೀರು ಕೋಣೆಯ ಗಾಳಿಗಿಂತ ತಣ್ಣಗೆ ಆಗುವುದು ಸಾಧ್ಯವೇ ಇಲ್ಲ. ಕೋಣೆ 38 ಡಿಗ್ರಿ ಇದ್ದರೆ, ಎಷ್ಟೇ ದುಡ್ಡು ಕೊಟ್ಟ ಲಿಕ್ವಿಡ್ ಕೂಲರ್ ಆಗಿರಲಿ, ಒಳಗಿನ ನೀರು 38ರ ಮೇಲೆಯೇ ಇರುತ್ತದೆ. ಹೆಸರಲ್ಲಿ ಕೂಲರ್ ಅಂತ ಇದೆ, ಅಷ್ಟೇ. ಇದರಿಂದ ಇನ್ನೊಂದು ಭಯವೂ ಹೋಗುತ್ತದೆ. ಪೈಪಿನ ಹೊರಗೆ ಫ್ರಿಜ್ ಬಾಟಲಿಯ ಹಾಗೆ ಹನಿ ಕಟ್ಟುತ್ತದಾ ಅಂತ ಮಂಗಳೂರಿನ ಕಡೆಯವರು ಕೇಳುತ್ತಾರೆ. ಕಟ್ಟಲ್ಲ.

ಹಾಗಾದರೆ ನೀರು ಮಾಡುವುದೇನು? ಹಮಾಲಿ ಕೆಲಸ. ಬಿಸಿಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಳಿಸುತ್ತದೆ. ಪ್ರೊಸೆಸರ್ ಮೇಲೆ ಒಂದು ತಾಮ್ರದ ತಟ್ಟೆ, ಅದರ ಮೇಲೆ ಪುಟ್ಟ ಪಂಪ್. ಪಂಪ್ ನೀರನ್ನು ರಬ್ಬರ್ ಪೈಪಿನಲ್ಲಿ ರೇಡಿಯೇಟರ್‌ಗೆ ಕಳಿಸುತ್ತದೆ. ರೇಡಿಯೇಟರ್ ಮೇಲೆ ಫ್ಯಾನ್ ಗಾಳಿ ಬೀಸುತ್ತದೆ. ಗಾಳಿ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಅಂದರೆ ಕೊನೆಗೆ ಕೆಲಸ ಮುಗಿಸುವುದು ಗಾಳಿಯೇ. ಹಮಾಲಿ ಮಾತ್ರ ಬಲು ಗಟ್ಟಿಗ: ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,200 ಜೌಲ್ ನುಂಗುತ್ತದೆ, ಒಂದು ಲೀಟರ್ ಗಾಳಿ ನುಂಗುವುದು 1.2 ಜೌಲ್ ಆಸುಪಾಸು.

ಈಗ ಇನ್ನೊಂದು ಕಡೆ ನೋಡಿ. ಏರ್ ಕೂಲರ್ ಅಂತ ಕರೆಯುವ ಟವರ್ ಕೂಲರ್‌ನಲ್ಲಿ ತಾಮ್ರದ ಕೊಳವೆಗಳು ಬಾಗಿ ಮೇಲಕ್ಕೆ ಹೋಗಿರುತ್ತವೆ, ನೋಡಿರುತ್ತೀರಿ. ಅವು ಗಟ್ಟಿ ತಾಮ್ರದ ಸರಳು ಅಂತ ನಾನೂ ತುಂಬಾ ದಿನ ನಂಬಿದ್ದೆ. ಅಲ್ಲ. ಒಳಗೆ ಟೊಳ್ಳು. ಗಾಳಿಯನ್ನೆಲ್ಲ ಎಳೆದು ತೆಗೆದು, ಸ್ವಲ್ಪವೇ ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒಳಗೋಡೆಗೆ ತಾಮ್ರದ ಪುಡಿಯನ್ನು ಬಿಸಿಮಾಡಿ ಅಂಟಿಸಿದ ಒಂದು ಪದರ ಇರುತ್ತದೆ. ಒತ್ತಡ ತೀರಾ ಕಡಿಮೆ ಇರುವುದರಿಂದ ನೀರು ಕುದಿಯಲು ನೂರು ಡಿಗ್ರಿ ಬೇಕಾಗುವುದಿಲ್ಲ. ಪ್ರೊಸೆಸರ್ ಹತ್ತಿರದ ತುದಿಯಲ್ಲಿ ನೀರು ಆವಿಯಾಗುತ್ತದೆ, ಆವಿ ಮೇಲಿನ ರೆಕ್ಕೆಗಳ ಕಡೆ ಓಡುತ್ತದೆ, ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತದೆ. ಆ ತಾಮ್ರದ ಪದರ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಆ ನೀರನ್ನು ವಾಪಸ್ ಎಳೆದು ತರುತ್ತದೆ. ಪಂಪ್ ಇಲ್ಲ, ಮೋಟಾರ್ ಇಲ್ಲ, ಸದ್ದಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ಆಗ ಅವರ ತಲೆಯಲ್ಲಿದ್ದದ್ದು ಬಾಹ್ಯಾಕಾಶದ ಕೆಲಸ. ಈಗ ಎರಡೂವರೆ ಸಾವಿರದ ಕೂಲರ್‌ನಲ್ಲಿ ಅಂಥವು ನಾಲ್ಕು ಸಿಗುತ್ತವೆ.

ನನಗೆ ಇದು ತಮಾಷೆ ಅನಿಸುತ್ತದೆ. ಏರ್ ಕೂಲರ್ ಒಳಗೂ ನೀರಿದೆ, ಲಿಕ್ವಿಡ್ ಕೂಲರ್ ಕೊನೆಯಲ್ಲೂ ಗಾಳಿಯಿದೆ. ಗಾಳಿಯೋ ನೀರೋ ಅನ್ನುವ ಪ್ರಶ್ನೆಯೇ ಸ್ವಲ್ಪ ಸೊಟ್ಟ. ಕೇಳಬೇಕಾದದ್ದು ಬೇರೆ: ನಿಮ್ಮ ಪ್ರೊಸೆಸರ್ ಎಷ್ಟು ವ್ಯಾಟ್ ಬಿಸಿ ಕೊಡುತ್ತದೆ, ಆ ಬಿಸಿ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಮೊದಲನೆಯದು. ಪ್ರೊಸೆಸರ್ ಡಬ್ಬಿಯ ಮೇಲೆ 65 ವ್ಯಾಟ್, 125 ವ್ಯಾಟ್ ಅಂತ ಇರುತ್ತದಲ್ಲ, ಅದನ್ನು ಹಾಗೇ ನಂಬಬೇಡಿ. ಇಂಟೆಲ್‌ನ ಐ5-12400 ತೆಗೆದುಕೊಳ್ಳಿ. ಬೇಸ್, ಅಂದರೆ ಸಾಮಾನ್ಯ ವೇಗದಲ್ಲಿ, 65 ವ್ಯಾಟ್, ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 117ರ ತನಕ. ಐ9-14900ಕೆ ಬೇಸ್ 125, ಟರ್ಬೊ 253. ಇನ್ನೊಂದು ಚಿಪ್ ಕಂಪನಿ ಎಎಂಡಿಯಲ್ಲಿ ರೈಜನ್ 5 7600ಕ್ಕೆ 65 ಅಂತ ಬರೆದಿದ್ದರೂ ಅದು ಕೂರುವ ಸಾಕೆಟ್‌ನಿಂದ ಎಳೆಯುವ ಮಿತಿ 88 ವ್ಯಾಟ್. ರೈಜನ್ 9 7950ಎಕ್ಸ್‌ಗೆ ಬರೆದಿರುವುದು 170, ಎಳೆಯುವುದು 230ರ ತನಕ. ಒಂದೇ ಕಂಪನಿಯ, ಒಂದೇ ಗಾತ್ರದ ಎರಡು ಚಿಪ್‌ಗಳ ನಡುವೆ ಇಷ್ಟು ವ್ಯತ್ಯಾಸ. ಎರಡಕ್ಕೂ ಯಾವ ಕೂಲರ್ ಒಳ್ಳೆಯದು ಅಂತ ಒಂದೇ ಉತ್ತರ ಕೊಡುವವರ ಮಾತು ಕೇಳಬೇಡಿ, ನನ್ನದನ್ನೂ ಸೇರಿಸಿ.

ಇನ್ನು ಗೇಮ್ ಆಡುವವರಿಗೆ ಒಂದು ವಿಷಯ. ಈ ಅಂಕಿಗಳೆಲ್ಲ ಎಲ್ಲಾ ಕೋರ್‌ಗಳನ್ನೂ, ಅಂದರೆ ಚಿಪ್ ಒಳಗಿನ ದುಡಿಯುವ ಭಾಗಗಳನ್ನೂ, ಒಟ್ಟಿಗೆ ದುಡಿಸಿದಾಗಿನವು. ಗೇಮ್‌ನಲ್ಲಿ ಅಷ್ಟು ಎಳೆಯುವುದೇ ಇಲ್ಲ. ಎಎಂಡಿಯ ರೈಜನ್ 7 7800ಎಕ್ಸ್3ಡಿ ಮೇಲೆ 120 ವ್ಯಾಟ್ ಅಂತ ಬರೆದಿದೆ, ಆಟದ ನಡುವೆ ನೋಡಿದರೆ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕೆಳಗೇ ಇರುತ್ತದೆ. ಅದಕ್ಕೆ ಮೂರು ಫ್ಯಾನಿನ ರೇಡಿಯೇಟರ್ ಹಾಕುವುದು ಒಬ್ಬರಿಗೆ ಅನ್ನ ಮಾಡಲು ಮದುವೆಮನೆಯ ಹಂಡೆ ಇಟ್ಟ ಹಾಗೆ.

ಎರಡನೆಯದು, ಊರಿನ ಬಿಸಿಲು. ರಿವ್ಯೂಗಳನ್ನು ನೋಡಿ ಕೂಲರ್ ತೆಗೆದುಕೊಳ್ಳುತ್ತೀರಿ ಅಲ್ವಾ? ವಿದೇಶದಲ್ಲಿ ಪರೀಕ್ಷೆ ಮಾಡುವವರ ಕೋಣೆ ಸಾಮಾನ್ಯವಾಗಿ 20-22 ಡಿಗ್ರಿ ಇರುತ್ತದೆ. ಲೆಕ್ಕ ಸುಲಭ. ಕೂಲರ್ ಯಾವುದೇ ಇರಲಿ, ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅವರ 20 ಡಿಗ್ರಿ ಕೋಣೆಯಲ್ಲಿ 65 ತೋರಿಸಿದ ಚಿಪ್, ಅದೇ ಕೂಲರ್, ಅದೇ ಕೆಲಸ, ನಿಮ್ಮ 38 ಡಿಗ್ರಿ ಕೋಣೆಯಲ್ಲಿ 83 ತೋರಿಸುತ್ತದೆ. ಅವರಲ್ಲಿ 80 ಇದ್ದದ್ದು ಇಲ್ಲಿ 98. ಇಂಟೆಲ್‌ನ ಐ9-14900ಕೆ 100ಕ್ಕೆ ತನ್ನ ವೇಗಕ್ಕೆ ಬ್ರೇಕ್ ಹಾಕುತ್ತದೆ, 7950ಎಕ್ಸ್ 95ಕ್ಕೆ. ಅಂದರೆ ರಾಯಚೂರಿನಲ್ಲಿ ಕೂತವರ ಕೈಯಲ್ಲಿ ಉಳಿಯುವ ಅವಕಾಶ ಕಡಿಮೆ. ರಿವ್ಯೂ ನೋಡುವಾಗ ಒಂದು ಹದಿನೈದು ಡಿಗ್ರಿ ಸುಮ್ನೆ ಕೂಡಿಸಿಕೊಂಡು ನೋಡಿ.

ಬ್ರೇಕ್ ಅಂದೆ. ಹೆದರುವ ಕಾಲ ಹೋಯಿತು ಅನ್ನುವುದನ್ನೂ ಹೇಳಬೇಕು. 2001ರಲ್ಲಿ ಒಂದು ವಿಡಿಯೊ ಬಹಳ ಓಡಾಡಿತ್ತು. ಓಡುತ್ತಿರುವ ಕಂಪ್ಯೂಟರ್‌ನಿಂದ ಹೀಟ್‌ಸಿಂಕ್, ಅಂದರೆ ಬಿಸಿ ಎಳೆಯುವ ಲೋಹದ ತುಂಡು, ಕಿತ್ತರೆ ಎಎಂಡಿ ಆಥ್ಲಾನ್ ಕ್ಷಣದಲ್ಲಿ ಹೊಗೆ ಬಿಟ್ಟು ಸತ್ತಿತು, ಇಂಟೆಲ್‌ನ ಪೆಂಟಿಯಂ 4 ನಿಧಾನವಾಗಿ ಬದುಕಿಕೊಂಡಿತು. ಈಗಿನ ಚಿಪ್‌ಗಳೆಲ್ಲ ಆ ಪೆಂಟಿಯಂ ಹಾಗೆ. ಬಿಸಿ ಜಾಸ್ತಿಯಾದರೆ ತಾವೇ ವೇಗ ಇಳಿಸುತ್ತವೆ, ಅದಕ್ಕೂ ಆಗದಿದ್ದರೆ ಆಫ್ ಆಗುತ್ತವೆ. 85 ಡಿಗ್ರಿ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಲಿಕ್ವಿಡ್ ಯಾವಾಗ? 200 ವ್ಯಾಟ್ ಮೇಲೆ, ಹೊತ್ತುಗಟ್ಟಲೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್ ಮೇಲೆ ರಾತ್ರಿಯಿಡೀ ರೆಂಡರ್ ಹಾಕಿ ಮಲಗುವವರು, ವಿಡಿಯೊ ಎನ್‌ಕೋಡ್ ಮಾಡುವವರು, ಐ9 ಅಥವಾ ರೈಜನ್ 9ನ್ನು ಪೂರ್ತಿ ದುಡಿಸುವವರು. ಅಲ್ಲಿ ದೊಡ್ಡ ಟವರ್ ಕೂಲರ್ ಕೂಡ ಏದುಸಿರು ಬಿಡುತ್ತದೆ. 360 ಮಿ.ಮೀ. ರೇಡಿಯೇಟರ್ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮೂರು ಫ್ಯಾನಿನಷ್ಟು ಅಗಲದ ಜಾಗ ಸಿಗುತ್ತದೆ, ಬಿಸಿ ಗಾಳಿಯನ್ನು ಕೇಸಿನ, ಅಂದರೆ ಪಿಸಿಯ ಪೆಟ್ಟಿಗೆಯ, ಮೇಲ್ಗಡೆಯಿಂದ ನೇರ ಹೊರಗೇ ದಬ್ಬಬಹುದು. 200 ವ್ಯಾಟಿಗಿಂತ ಕೆಳಗೆ, ನೂರು-ನೂರಿಪ್ಪತ್ತು ವ್ಯಾಟ್ ಸುತ್ತಮುತ್ತ, ಒಳ್ಳೆಯ ಟವರ್‌ಗೂ ಲಿಕ್ವಿಡ್‌ಗೂ ನಾನು ಅಳೆದು ನೋಡಿದಾಗೆಲ್ಲ ಕಂಡದ್ದು ಎರಡು ಮೂರು ಡಿಗ್ರಿಯ ವ್ಯತ್ಯಾಸ. ಕಿಟಕಿ ತೆಗೆದರೆ ಅಷ್ಟು ಇಳಿಯುತ್ತದೆ.

ಇನ್ನೂ ಒಂದು ಸಂಗತಿ ಇದರಲ್ಲಿ ಸೇರಿದೆ. ಈಗಿನ ಚಿಪ್‌ಗಳಲ್ಲಿ ಬಿಸಿ ಹುಟ್ಟುವ ಜಾಗ ಬಹಳ ಸಣ್ಣದು. ಈ ರೈಜನ್‌ಗಳಲ್ಲಿ ಎಂಟು ಕೋರ್ ಇರುವ ಸಿಲಿಕಾನ್ ತುಂಡು ಹೆಚ್ಚುಕಡಿಮೆ 70 ಚದರ ಮಿ.ಮೀ., ಕಿರುಬೆರಳ ಉಗುರಿನಷ್ಟು ಅನ್ನಿ. ಅಷ್ಟು ಜಾಗದಿಂದ ಬಿಸಿ ಮೇಲಿನ ಲೋಹದ ಮುಚ್ಚಳಕ್ಕೆ ಹತ್ತುವುದೇ ಕಷ್ಟ. ಸಂತೆ ದಿನ ಬಸ್‌ನಿಂದ ಇಳಿಯುವ ಹಾಗೆ: ಹೊರಗೆ ಎಷ್ಟೇ ದೊಡ್ಡ ಮೈದಾನ ಇದ್ದರೂ ಬಾಗಿಲು ಒಂದೇ. ಕೂಲರ್ ದೊಡ್ಡದು ಮಾಡುವುದು ಮೈದಾನ ದೊಡ್ಡದು ಮಾಡಿದ ಹಾಗೆ, ಬಾಗಿಲು ಅಷ್ಟೇ ಇರುತ್ತದೆ.

ರಿವ್ಯೂ ವಿಚಾರಕ್ಕೆ ಮತ್ತೆ ಬಂದರೆ, ಲಿಕ್ವಿಡ್ ಕೂಲರ್‌ಗಳು ಮೊದಲ ಐದು ನಿಮಿಷ ಎಲ್ಲರನ್ನೂ ಮೋಸ ಮಾಡುತ್ತವೆ. ನೀರು ಬಿಸಿಯಾಗಲು ಹೊತ್ತು ಬೇಕು. ಅಲ್ಲಿಯ ತನಕ ಪ್ರೊಸೆಸರ್ ತಣ್ಣಗೆ ಇರುತ್ತದೆ, ನೋಡಿದಿರಾ ಹೇಗಿದೆ ಅಂತ ಎಲ್ಲರೂ ಬೀಗುತ್ತಾರೆ. ಹತ್ತು ಹದಿನೈದು ನಿಮಿಷ ಬಿಡಿ, ನೀರು ತನ್ನ ಮಟ್ಟಕ್ಕೆ ಬರುತ್ತದೆ, ಆಗ ಕಾಣುವುದೇ ನಿಜವಾದ ಅಂಕಿ.

ಈಗ ಕೆಟ್ಟುಹೋಗುವ ಮಾತು. ಟವರ್ ಕೂಲರ್‌ನಲ್ಲಿ ಕೆಡುವುದು ಒಂದೇ, ಫ್ಯಾನ್. ಕೆಟ್ಟರೂ ಅಷ್ಟು ದೊಡ್ಡ ಲೋಹದ ರಾಶಿ ಇರುವುದರಿಂದ ಕಂಪ್ಯೂಟರ್ ನಿಧಾನವಾಗಿಯಾದರೂ ಕುಂಟಿಕೊಂಡು ಓಡುತ್ತದೆ, ಅಷ್ಟರಲ್ಲಿ ಐನೂರು ರೂಪಾಯಿಯ ಹೊಸ ಫ್ಯಾನ್ ತಂದು ಹಾಕಬಹುದು. ಲಿಕ್ವಿಡ್‌ನಲ್ಲಿ ಪಂಪ್ ನಿಂತರೆ ಆಟ ಮುಗಿಯಿತು. ನನ್ನದೇ ಒಂದು ಮೂರನೇ ವರ್ಷಕ್ಕೆ ನಿಂತಿತು. ಯಾವ ಕಂಪನಿ ಅನ್ನುವುದು ಬೇಡ. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ 100 ಡಿಗ್ರಿ, ಆಫ್. ಮತ್ತೆ ಹಾಕಿದರೆ ಮತ್ತೆ ಆಫ್. ವಾರಂಟಿ ಇತ್ತು, ಆದರೆ ಕಳಿಸಿ, ಬದಲಿ ಬಂದು ತಲುಪಲು ಮೂರು ವಾರ. ಆ ಮೂರು ವಾರ ನನ್ನ ಕೆಲಸ ನಡೆಸಿದ್ದು ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ನಾಲ್ಕು ಕೊಳವೆಯ ಟವರ್. ಅದು ಈಗಲೂ ನನ್ನ ಪಿಸಿಯಲ್ಲೇ ಕೂತಿದೆ. ಬದಲಿಯಾಗಿ ಬಂದ ಲಿಕ್ವಿಡ್ ಕೂಲರನ್ನು ನಾನು ಡಬ್ಬಿಯಿಂದ ತೆಗೆಯಲೇ ಇಲ್ಲ.

ಸೋರುವುದರ ಬಗ್ಗೆ ಎಲ್ಲರಿಗೂ ಭಯ. ಸುಮ್ಮಸುಮ್ಮನೆ ಹುಟ್ಟಿದ ಭಯವೇನಲ್ಲ. 2004ರಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5ನ 2.5 ಗಿಗಾಹರ್ಟ್ಸ್ ಮಾದರಿಗೆ ಲಿಕ್ವಿಡ್ ಕೂಲಿಂಗ್ ಹಾಕಿತ್ತು, ಆ ಸಾಲಿನ ಕೆಲವು ಯಂತ್ರಗಳು ವರ್ಷಗಳ ನಂತರ ಸೋರಿ ಒಳಗೆಲ್ಲ ತಿಂದುಹಾಕಿದವು. ಈಗಿನವು ಸೋರುವುದು ಅಪರೂಪ. ಹೆಚ್ಚಾಗಿ ಆಗುವುದು ಬೇರೆ. ರಬ್ಬರ್ ಪೈಪಿನ ಗೋಡೆಯ ಮೂಲಕ ನೀರು ಕಣ್ಣಿಗೆ ಕಾಣದ ಹಾಗೆ ವರ್ಷಾನುಗಟ್ಟಲೆ ಜಿನುಗಿ ಹೋಗುತ್ತದೆ. ಆ ಜಾಗಕ್ಕೆ ಗಾಳಿ ಸೇರುತ್ತದೆ. ಆ ಗಾಳಿಗುಳ್ಳೆ ಪಂಪಿಗೆ ಸಿಕ್ಕರೆ ಗೊರಗೊರ ಸದ್ದು, ಪಂಪಿನ ಆಯಸ್ಸೂ ಕಡಿಮೆ. ಅದಕ್ಕೇ ಹೇಳುವುದು, ಪಂಪ್ ಯಾವತ್ತೂ ಇಡೀ ಸರ್ಕ್ಯೂಟ್‌ನ ಎತ್ತರದ ಜಾಗ ಆಗಬಾರದು. ರೇಡಿಯೇಟರನ್ನು ಕೇಸಿನ ಮೇಲ್ಗಡೆ ಹಾಕಿ. ಆಗದಿದ್ದರೆ ಮುಂದೆ ಹಾಕಿ, ಅದರ ತಲೆ ಪಂಪಿಗಿಂತ ಮೇಲಿರಲಿ, ಪೈಪುಗಳು ಕೆಳಗಿರಲಿ. ಕೇಸಿನ ತಳಕ್ಕೆ ಮಾತ್ರ ಹಾಕಬೇಡಿ. ಮನೆಗೆ ನೀರಿನ ಟ್ಯಾಂಕ್ ಕೂರಿಸಿದ ಪ್ಲಂಬರ್‌ಗೆ ಕೇಳಿ, ಪೈಪಿನಲ್ಲಿ ಗಾಳಿ ಹಿಡಿಯುವುದು ಅಂದರೆ ಏನು ಅಂತ ಚೆನ್ನಾಗಿ ಹೇಳುತ್ತಾನೆ. ಏನೇ ಮಾಡಿದರೂ ಐದಾರು ವರ್ಷ ಬಂದರೆ ಪುಣ್ಯ ಅಂದುಕೊಳ್ಳಿ. ಟವರ್ ಕೂಲರ್‌ನ ಲೋಹಕ್ಕೆ ಆ ಚಿಂತೆಯಿಲ್ಲ, ಹೊಸ ಸಾಕೆಟ್‌ಗೆ ಕ್ಲಾಂಪ್ ಸಿಕ್ಕರೆ ಮುಂದಿನ ಪಿಸಿಗೂ ಬರುತ್ತದೆ.

ತಾವೇ ಪೈಪ್ ಕತ್ತರಿಸಿ ಕಸ್ಟಮ್ ಲೂಪ್ ಕಟ್ಟುವವರಿಗೆ ಒಂದೇ ಮಾತು: ನಲ್ಲಿ ನೀರು, ಬೋರ್‌ವೆಲ್ ನೀರು ಹಾಕಬೇಡಿ. ನಿಮ್ಮ ಗೀಜರ್ ಕಾಯಿಲ್ ಬಿಚ್ಚಿ ನೋಡಿದ್ದೀರಾ? ಆ ಬಿಳಿ ಕಲ್ಲು ಇಲ್ಲಿ ತಾಮ್ರದ ತಟ್ಟೆಯೊಳಗಿನ ಕೂದಲೆಳೆಯಷ್ಟು ಸಂದುಗಳಲ್ಲಿ ಕೂರುತ್ತದೆ.

ಟವರ್ ಕೂಲರ್‌ಗೂ ಅದರದೇ ತಲೆನೋವುಗಳಿವೆ, ಇಲ್ಲ ಅನ್ನಲ್ಲ. ಮೊದಲನೆಯದು ಗಾತ್ರ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ಅಂತ ಒಂದಿದೆ, 2014ರಲ್ಲಿ ಬಂದದ್ದು. 165 ಮಿ.ಮೀ. ಎತ್ತರ, ಎರಡು ಫ್ಯಾನ್ ಸೇರಿ 1,320 ಗ್ರಾಂ. ಮದರ್‌ಬೋರ್ಡಿಗೆ ಅಡ್ಡಲಾಗಿ ಜೋತುಬಿದ್ದ ಒಂದೂಕಾಲು ಕೆಜಿಗೂ ಮೇಲಿನ ಭಾರ. ಮೇಜಿನ ಮೇಲೆ ಕೂತಿರುವ ತನಕ ಏನೂ ತೊಂದರೆಯಿಲ್ಲ. ಅದನ್ನೇ ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ ಬೆಂಗಳೂರಿನಿಂದ ಇಲ್ಲಿಗೆ ತಂದರೆ, ಪ್ರತಿ ರೋಡ್ ಹಂಪ್‌ಗೂ ಅದು ಬೋರ್ಡನ್ನು ಹಿಡಿದು ಎಳೆಯುತ್ತದೆ. ಕೂಲರ್ ಬಿಚ್ಚಿ ತನ್ನಿ. ಆಗಲ್ಲ ಅಂದರೆ ಕೇಸನ್ನು ಮಲಗಿಸಿ, ಕೂಲರ್ ನೆಟ್ಟಗೆ ನಿಂತಿರುವ ಹಾಗೆ ತನ್ನಿ. ಎತ್ತರದ ರ್‍ಯಾಮ್ ಇದ್ದರೆ ಫ್ಯಾನ್ ಅಡ್ಡ ಬರುತ್ತದೆ. ಕೇಸಿನ ಅಳತೆಯಲ್ಲಿ ಸಿಪಿಯು (ಪ್ರೊಸೆಸರ್) ಕೂಲರ್ ಎತ್ತರ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ, ಕೊಳ್ಳುವ ಮೊದಲು ಅದನ್ನು ಓದಿ. ಪಕ್ಕದ ಗಾಜು ಮುಚ್ಚದೆ ವಾಪಸ್ ಎಸ್‌.ಪಿ. ರೋಡಿಗೆ ಬಂದವರನ್ನು ನಾನು ನೋಡಿದ್ದೇನೆ.

ಅದಕ್ಕಿಂತ ದೊಡ್ಡ ತಲೆನೋವು ಅಂದರೆ, ಟವರ್ ಬಿಸಿ ಗಾಳಿಯನ್ನು ಕೇಸಿನ ಒಳಗೇ ಬಿಡುತ್ತದೆ. ಹಿಂದಿನ ಫ್ಯಾನ್ ಅದನ್ನು ಎಳೆದು ಹೊರಗೆ ಹಾಕಬೇಕು. ಮುಂದೆ ಪೂರ್ತಿ ಗಾಜು ಇರುವ ಕೇಸು ತಂದು, ಒಳಗೆ ಹತ್ತು ಬಣ್ಣದ ಲೈಟ್ ಹಾಕಿ, ಗಾಳಿ ಬರಲು ಬೆರಳಗಲ ಸಂದು ಬಿಟ್ಟು, ಸರ್ ಟೆಂಪರೇಚರ್ ಜಾಸ್ತಿ ಬರ್ತಿದೆ ಲಿಕ್ವಿಡ್ ಹಾಕಲಾ ಅಂತ ಕೇಳಿದರೆ ನಾನು ಏನು ಹೇಳಲಿ? ಮುಂದೆ ಮೆಶ್, ಅಂದರೆ ಜಾಲರಿ, ಇರುವ ಕೇಸ್ ತೆಗೆದುಕೊಳ್ಳಿ. ಆ ದುಡ್ಡಿಗೆ ಅದಕ್ಕಿಂತ ಒಳ್ಳೆಯ ಕೂಲರ್ ಇಲ್ಲ. ಧೂಳು ಬರುತ್ತದೆ, ನಿಜ. ಧೂಳು ಟವರ್‌ಗೂ ಕೂರುತ್ತದೆ, ರೇಡಿಯೇಟರ್‌ಗೂ ಕೂರುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿರಿ, ಆರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದುಕೊಳ್ಳಿ, ಬುಗುರಿಯ ಹಾಗೆ ತಿರುಗಲು ಬಿಡಬೇಡಿ.

ಬಿಸಿ ಎಲ್ಲಿಗೆ ಹೋಗುತ್ತದೆ ಅಂದೆನಲ್ಲ, ಕೇಸಿನಿಂದ ಹೊರಗೆ ಬಂದರೆ ಮುಗಿಯಲಿಲ್ಲ. ಪ್ರೊಸೆಸರ್ 200 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 300 ವ್ಯಾಟ್. ಒಟ್ಟು 500 ವ್ಯಾಟಿನ ಹೀಟರ್ ಅನ್ನು ಏಪ್ರಿಲ್‌ನಲ್ಲಿ ಹತ್ತು ಅಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉರಿಸುತ್ತಿದ್ದೀರಿ. ಕೂಲರ್ ಯಾವುದೇ ಆದರೂ ಆ 500 ವ್ಯಾಟ್ ಕೋಣೆಗೇ ಬರುತ್ತದೆ. ಒಂದು ಟನ್ ಏಸಿ ಹೊರಗೆ ಹಾಕುವುದು ಸುಮಾರು 3,500 ವ್ಯಾಟ್ ಬಿಸಿ. ಅದರಲ್ಲಿ ಏಳನೇ ಒಂದು ಪಾಲು ನಿಮ್ಮ ಪಿಸಿಗೇ ಹೋಯಿತು. ಅದಕ್ಕೇ ಕೂಲರ್‌ಗೆ ಖರ್ಚು ಮಾಡುವ ಮೊದಲು ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ ಅಂತ ಹೇಳುತ್ತೇನೆ. ಇಂಟೆಲ್‌ನಲ್ಲಿ ಪವರ್ ಲಿಮಿಟ್ ಇಳಿಸಿ, ಎಎಂಡಿಯಲ್ಲಿ ಕಡಿಮೆ ವ್ಯಾಟ್ ಎಳೆಯುವ ಇಕೊ ಮೋಡ್ ಹಾಕಿ. ಕೊನೆಯ ನೂರು ವ್ಯಾಟ್ ಕೊಡುವ ವೇಗ ಬಹಳ ಕಡಿಮೆ, ಕೊಡುವ ಬಿಸಿ ಪೂರ್ತಿ ನೂರು ವ್ಯಾಟ್. ಗೇಮ್ ಆಡುವವರಿಗಂತೂ ಸಾಮಾನ್ಯವಾಗಿ ಗೊತ್ತೇ ಆಗಲ್ಲ. ದುಡ್ಡೂ ಬೇಡ, ಸ್ಕ್ರೂಡ್ರೈವರೂ ಬೇಡ.

ನಾಚಿಕೆ ಬಿಟ್ಟು ಒಂದು ಹೇಳಿಬಿಡುತ್ತೇನೆ. ಹಿಂದೊಮ್ಮೆ ಗೆಳೆಯನ ಪಿಸಿ ಕಟ್ಟಿಕೊಟ್ಟೆ. ಆನ್ ಮಾಡಿದರೆ ಸುಮ್ಮನೆ ಕೂತಾಗಲೇ 80 ಡಿಗ್ರಿ. ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಸರಿಯಿಲ್ಲ ಅಂದೆ, ಬೇರೆ ತಂದೆವು. ಕೂಲರ್ ಸರಿಯಿಲ್ಲ ಅಂದೆ, ಲಿಕ್ವಿಡ್ ತರೋಣ ಅಂತ ಅವನನ್ನು ಒಪ್ಪಿಸಿದೆ. ಬಿಚ್ಚುವಾಗ ನೋಡಿದರೆ ತಾಮ್ರದ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಹಾಕುವ ಮೊದಲು ತೆಗೆಯಿರಿ ಅಂತ ಬರೆದಿತ್ತು. ಎರಡು ಸಲ ಪೇಸ್ಟ್ ಹಚ್ಚುವಾಗಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗೆಳೆಯ ಇವತ್ತಿಗೂ ಯಾರ ಮನೆಯಲ್ಲಿ ಹೊಸ ಫ್ರಿಜ್ ಬಂದರೂ ಹಾಳೆ ತೆಗೆದರಾ ಅಂತ ಕೇಳಲು ನನಗೇ ಫೋನ್ ಮಾಡುತ್ತಾನೆ.

ಕೊನೆಗೆ ಪ್ರಶ್ನೆಗಳಿಗೆ ಬಿಟ್ಟಾಗ, ಕೂಲರ್ ಪ್ರಶ್ನೆ ಕೇಳಿದ್ದ ಹುಡುಗನೇ ಮತ್ತೆ ಎದ್ದ. ಅವನ ಕಾಕಾನದು ಸಣ್ಣ ಪ್ರಿಂಟಿಂಗ್ ಅಂಗಡಿ. ಹೊಸ ಪಿಸಿಗೆ ಅಂಗಡಿಯವರು ಕೊಟ್ಟ ಪಟ್ಟಿ ಫೋನಿನಲ್ಲಿತ್ತು: ಐ5-12400, 16 ಜಿಬಿ ರ್‍ಯಾಮ್, 360 ಮಿ.ಮೀ. ಲಿಕ್ವಿಡ್ ಕೂಲರ್ ಒಂಬತ್ತು ಸಾವಿರ. ಆ ಚಿಪ್ ಜೊತೆ ಡಬ್ಬಿಯಲ್ಲೇ ಕಂಪನಿಯ ಸಣ್ಣ ಕೂಲರ್ ಬರುತ್ತದೆ. ನಿಮ್ಮ ಬೇಸಿಗೆಗೆ ಅದು ಸ್ವಲ್ಪ ಕೂಗಾಡುತ್ತದೆ, ಅಷ್ಟೇ. ಎರಡೂವರೆ ಸಾವಿರದ ನಾಲ್ಕು ಕೊಳವೆಯ ಟವರ್ ಹಾಕಿಸು, ಉಳಿದ ದುಡ್ಡಿಗೆ ಇನ್ನೊಂದು 16 ಜಿಬಿ ರ್‍ಯಾಮ್ ಎಷ್ಟಾಗುತ್ತದೆ ಕೇಳು, ಮಿಕ್ಕಿದರೆ ಒಳ್ಳೆಯ ಯುಪಿಎಸ್‌ಗೆ ಸೇರಿಸು ಅಂದೆ.

"ಕಾಕಾಗ ಲೈಟ್ ಬೇಕ್ರಿ ಸರ್. ಗಿರಾಕಿಗೆ ಕಾಣ್ಬೇಕಂತ."

ಟವರ್‌ಗೂ ಲೈಟಿನ ಫ್ಯಾನ್ ಬರುತ್ತದೆ ಅಂದೆ. ಬರೆದುಕೊಂಡ. ಅಷ್ಟರಲ್ಲಿ ಕರೆಂಟ್ ಬಂತು, ಹಾಲಿನ ಫ್ಯಾನುಗಳು ತಿರುಗಿದವು, ಅರ್ಧ ಜನ ಎದ್ದು ಅದರ ಕೆಳಗಿನ ಕುರ್ಚಿಗಳಿಗೆ ಹೋದರು.